ಗೇಟಿನ ನಾಯಿ, ಸೋಫಾದ ನಾಯಿ

ಜಯನಗರದ ಹಳೆಯ ಮನೆಗಳ ಗೇಟಿನಲ್ಲಿ ಅಲ್ಲೊಂದು ಇಲ್ಲೊಂದು ತುಕ್ಕು ಹಿಡಿದ ತಗಡು ಇನ್ನೂ ನೇತಾಡುತ್ತಿದೆ: ‘ನಾಯಿ ಇದೆ, ಎಚ್ಚರಿಕೆ’. 1948ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿದ ಬಡಾವಣೆ ಇದು. ಮುಂದೊಂದು ತೆಂಗು, ಹಿಂದೊಂದು ಬಟ್ಟೆ ಒಗೆಯುವ ಕಲ್ಲು, ಎರಡರ ನಡುವೆ ಓಡಾಡಿಕೊಂಡಿರುವ ಒಂದು ನಾಯಿ. ಹೀಗಿತ್ತು ಇಲ್ಲಿನ ಕಾಂಪೌಂಡಿನ ಲೆಕ್ಕ. ಆ ನಾಯಿಗೆ ಯಾರೂ ಶೌಚದ ಪಾಠ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹೊಸಿಲು ದಾಟಿದರೆ ತಾನೆ ನೆಲ ಕೆಡುವುದು? ಊಟವೂ ಅಷ್ಟೇ. ಎಲ್ಲರದೂ ಮುಗಿದ ಮೇಲೆ ಉಳಿದ ಅನ್ನಕ್ಕೆ ಸಾರಿನ ತಳ ಸುರಿದು, ಮೇಲೊಂದು ಸೌಟು ಮಜ್ಜಿಗೆ ಬಿಟ್ಟು ಅಲ್ಯುಮಿನಿಯಂ ತಟ್ಟೆಯಲ್ಲಿಟ್ಟರೆ ಆಯಿತು. ಹದಿನೈದಿಪ್ಪತ್ತು ಕೆಜಿ ತೂಗುವ ಆ ಪ್ರಾಣಿ ಅದನ್ನು ತಿಂದು, ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದು, ಗೇಟಿನ ಪಕ್ಕ ಮಲಗುತ್ತಿತ್ತು.

ಆ ನಿವೇಶನಗಳಲ್ಲಿ ಈಗ ನಾಲ್ಕು ಅಂತಸ್ತಿನ ಫ್ಲ್ಯಾಟುಗಳು ಎದ್ದಿವೆ. ನಾಯಿಯೂ ಬದಲಾಗಿದೆ. ಮೊದಲು ಬಂದದ್ದು ನಾವೆಲ್ಲ ‘ಪಾಮೇರಿಯನ್’ ಎಂದು ಕರೆದ ಬಿಳಿಯ ಇಂಡಿಯನ್ ಸ್ಪಿಟ್ಸ್. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿ ಅದನ್ನು ಮನೆಮನೆಗೂ ತಲುಪಿಸಿತು. 2003ರಲ್ಲಿ ಹಚ್ ಮೊಬೈಲ್ ಜಾಹೀರಾತಿನ ಪಗ್ ಬಂತು. ಈಗ ಜೆ.ಪಿ. ನಗರದ ಯಾವ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿದರೂ ಒಂದು ಶಿಟ್ಜು ಸಿಗುತ್ತದೆ, ಇಲ್ಲವೇ ಲಾಸಾ ಆಪ್ಸೊ, ಮಾಲ್ಟೀಸ್, ಡ್ಯಾಶ್‌ಹೌಂಡ್. ‘777 ಚಾರ್ಲಿ’ 2022ರಲ್ಲಿ ಕನ್ನಡಿಗರನ್ನು ಅಳಿಸಿದ್ದು ಲ್ಯಾಬ್ರಡಾರ್ ಮೂಲಕ, ನಿಜ. ಆದರೆ ಎರಡು ಬೆಡ್‌ರೂಮಿನ ಮನೆಗೆ ಹೊಂದುವುದು ನಾಲ್ಕೈದು ಕೆಜಿಯ ನಾಯಿಯೇ ಎಂದು ಬೆಂಗಳೂರು ದಕ್ಷಿಣ ತೀರ್ಮಾನಿಸಿದಂತಿದೆ.

ನಾಯಿ ಗೇಟಿನಿಂದ ಸೋಫಾಕ್ಕೆ ಬಂತು. ನಮ್ಮ ಅಭ್ಯಾಸಗಳು ಮಾತ್ರ ಗೇಟಿನಲ್ಲೇ ಉಳಿದವು. ಹೊಸದಾಗಿ ಮರಿ ತಂದ ಮನೆಯವರು ಪಶುವೈದ್ಯರ ಬಳಿ ಹೆಚ್ಚಾಗಿ ಹೇಳಿಕೊಳ್ಳುವ ಎರಡು ದೂರುಗಳು, ‘ಮನೆ ತುಂಬ ಉಚ್ಚೆ ಮಾಡತ್ತೆ ಡಾಕ್ಟ್ರೇ’ ಮತ್ತು ‘ಏನೋ ತಿಂದ್ಬಿಟ್ಟಿದೆ, ವಾಂತಿ ನಿಲ್ತಿಲ್ಲ’ ಎಂಬುವು, ಬೇರೆ ಬೇರೆ ಸಂಗತಿಗಳಂತೆ ಕಾಣುತ್ತವೆ. ನನಗೆ ಎರಡರ ಬೇರೂ ಒಂದೇ ಎನಿಸುತ್ತದೆ. ಚಿಕ್ಕ ನಾಯಿಯ ಮೂತ್ರಕೋಶ ಚಿಕ್ಕದು, ಅದರ ದೇಹ ತಾಳಿಕೊಳ್ಳುವ ವಿಷದ ಪ್ರಮಾಣವೂ ಚಿಕ್ಕದು. ನಾವು ಇನ್ನೂ ದೊಡ್ಡ ನಾಯಿಯ ಅಳತೆಯಲ್ಲೇ ನಡೆಯುತ್ತಿದ್ದೇವೆ.

ಮೊದಲು ಉಚ್ಚೆಯ ವಿಷಯ. ತರಬೇತುದಾರರು ಹೇಳುವ ಒಂದು ಅಂದಾಜಿದೆ: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಬರುವಷ್ಟು ಗಂಟೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಮಲಗಿರುವಾಗ, ಆಟದಲ್ಲಿದ್ದರೆ ಅರ್ಧ ಗಂಟೆಯೂ ಹೆಚ್ಚು. ಚಿಕ್ಕ ತಳಿಗಳಲ್ಲಿ ಇದು ಇನ್ನೂ ಕಡಿಮೆ. ಬಿ.ಟಿ.ಎಂ. ಲೇಔಟಿನಲ್ಲಿ ಒಂಟಿಯಾಗಿ ಮನೆ ಮಾಡಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿ ಸಂಜೆ ಏಳಕ್ಕೆ ಮರಳುವವರು ಮರಿ ತಂದರೆ ಈ ಲೆಕ್ಕ ಯಾವ ರೀತಿಯಲ್ಲೂ ಕೂಡುವುದಿಲ್ಲ. ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತ ಮರಿ ಸಾಕಿದವರು ಆಫೀಸು ಮತ್ತೆ ಕರೆದಾಗ ಕಂಡುಕೊಂಡ ಸತ್ಯವೂ ಇದೇ. ಅಂಥವರು ಮಧ್ಯಾಹ್ನಕ್ಕೆ ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕು, ಇಲ್ಲವೇ ಬೆಳೆದ ನಾಯಿಯನ್ನು ದತ್ತು ತೆಗೆದುಕೊಳ್ಳಬೇಕು. ಎರಡನೆಯದನ್ನು ಯೋಚಿಸುವವರು ಕಡಿಮೆ. ಎರಡು ವರ್ಷದ ನಾಯಿಗೆ ಶೌಚ ಕಲಿಸುವುದು ಎರಡು ತಿಂಗಳ ಮರಿಗಿಂತ ಎಷ್ಟೋ ಸಲೀಸು ಎಂಬುದು ಗೊತ್ತಿಲ್ಲದೆ.

ಹೊತ್ತು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಕಾಲು ಗಂಟೆ ಇಪ್ಪತ್ತು ನಿಮಿಷದೊಳಗೆ, ಆಟ ಮುಗಿದಾಗ, ರಾತ್ರಿ ದೀಪ ಆರಿಸುವ ಮುನ್ನ. ಹೊಟ್ಟೆಗೆ ಅನ್ನ ಬಿದ್ದರೆ ಕರುಳು ಅಲುಗಾಡುವುದು ಮನುಷ್ಯರಲ್ಲೂ ಇದೆ, ನಾಯಿಮರಿಯಲ್ಲಿ ಜೋರಾಗಿದೆ. ಆದ್ದರಿಂದ ದಿನವಿಡೀ ತಟ್ಟೆಯಲ್ಲಿ ತಿಂಡಿ ಬಿಟ್ಟಿರುವ ಮನೆಯಲ್ಲಿ ಶೌಚಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಊಟದ ಹೊತ್ತು ಕಟ್ಟಿದರೆ ಉಳಿದದ್ದೂ ಕಟ್ಟಿಗೆ ಬರುತ್ತದೆ. ಮಾಡಬೇಕಾದ ಜಾಗದಲ್ಲಿ ಮಾಡಿದಾಗ ಅಲ್ಲೇ, ಆ ಕ್ಷಣದಲ್ಲೇ ಒಂದು ಚೂರು ತಿನಿಸು ಕೊಡಬೇಕು. ಮನೆಯೊಳಗೆ ಬಂದ ಮೇಲೆ ಡಬ್ಬಿ ತೆರೆದು ಕೊಟ್ಟರೆ ಅದಕ್ಕೆ ಅರ್ಥವಾಗುವುದು ಮನೆಯೊಳಗೆ ಬಂದದ್ದಕ್ಕೆ ಬಹುಮಾನ ಎಂದು.

ಇಲ್ಲೊಂದು ನಿಜವಾದ ಇಕ್ಕಟ್ಟಿದೆ, ಅದನ್ನು ಹೆಚ್ಚಿನ ಕೈಪಿಡಿಗಳು ಹಾರಿಸಿಬಿಡುತ್ತವೆ. ಮರಿಗಳು ಮೂರು ವಾರಕ್ಕೆಲ್ಲ ಮಲಗುವ ಜಾಗ ಬಿಟ್ಟು ದೂರ ಹೋಗಿ ಉಚ್ಚೆ ಮಾಡಲು ಕಲಿಯುತ್ತವೆ. ಎಂಟೊಂಬತ್ತು ವಾರದ ಹೊತ್ತಿಗೆ ಕಾಲಡಿಯ ನೆಲ ಎಂಥದ್ದಿರಬೇಕು ಎಂಬ ಒಲವು ಮೂಡತೊಡಗುತ್ತದೆ: ಮಣ್ಣೋ, ಹುಲ್ಲೋ, ಸಿಮೆಂಟೋ, ಬಟ್ಟೆಯೋ. ಸರಿಯಾಗಿ ಅದೇ ಹೊತ್ತಿಗೆ ಡಾಕ್ಟರು, ‘ಲಸಿಕೆ ಮುಗಿಯೋವರೆಗೂ ಕೆಳಗೆ ಬಿಡಬೇಡಿ’ ಎನ್ನುತ್ತಾರೆ. ಅವರ ಮಾತು ತಪ್ಪಲ್ಲ. 1978ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿದ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತ ಉಳಿಯುತ್ತದೆ; ರಕ್ತಭೇದಿಯಿಂದ ಮರಿ ಎರಡು ಮೂರು ದಿನದಲ್ಲಿ ಸಾಯಬಹುದು. ಬೀದಿನಾಯಿಗಳು ಓಡಾಡುವ ಬನಶಂಕರಿಯ ರಸ್ತೆ ಬದಿ, ಪಾರ್ಕಿನ ಸುತ್ತಲಿನ ಫುಟ್‌ಪಾತು ಯಾವುದೂ ಮರಿಗೆ ನಂಬಿಕೆಯ ಜಾಗವಲ್ಲ. ಆರೆಂಟು ವಾರಕ್ಕೆ ಶುರುವಾಗುವ ಲಸಿಕೆಯ ಸರಣಿ ಹದಿನಾರನೇ ವಾರದವರೆಗೆ ನಡೆಯುತ್ತದೆ. ಅಲ್ಲಿಯವರೆಗೆ ಮರಿ ಮನೆಯಲ್ಲೇ ಇದ್ದರೆ, ಕಲಿಯುವುದಕ್ಕೆ ಅತಿ ಒಳ್ಳೆಯ ಎರಡು ತಿಂಗಳು ನುಣುಪಾದ ಟೈಲ್ಸ್ ಮೇಲೆ ಕಳೆಯುತ್ತವೆ. ನಾಲ್ಕು ತಿಂಗಳಾದ ಮೇಲೆ ಕೆಳಗೆ ಕರೆದೊಯ್ದರೆ ಅದು ಹುಲ್ಲಿನ ಮೇಲೆ ಅರ್ಧ ಗಂಟೆ ಸುಮ್ಮನೆ ನಿಂತು, ಮನೆಗೆ ಬಂದು ಹಾಲ್‌ನಲ್ಲಿ ಮಾಡುತ್ತದೆ. ಯಜಮಾನರಿಗೆ ಅದು ಹಟದಂತೆ ಕಾಣುತ್ತದೆ. ನಾಯಿಗೆ ಅದು ಕಲಿತ ಪಾಠ.

ಬಿಡಿಸಿಕೊಳ್ಳುವ ದಾರಿ ಇಲ್ಲದಿಲ್ಲ. ಕೊನೆಗೆ ಎಲ್ಲಿ ಮಾಡಬೇಕೋ ಅಂಥದೇ ನೆಲವನ್ನು ಮೊದಲ ದಿನದಿಂದ ಮನೆಯೊಳಗೇ ಕೊಡುವುದು ಅದರಲ್ಲಿ ಒಂದು. ಬಾಲ್ಕನಿಯಲ್ಲಿ ಅಗಲವಾದ ಪ್ಲಾಸ್ಟಿಕ್ ಟ್ರೇ, ಅದರಲ್ಲಿ ನರ್ಸರಿಯಿಂದ ತಂದ ಹುಲ್ಲುಹಾಸಿನ ತುಂಡು. ಬೇರೆ ನಾಯಿಗಳು ಹೋಗದ ಸ್ವಂತ ತಾರಸಿಯಿದ್ದರೆ ಇನ್ನೂ ಒಳ್ಳೆಯದು. ಹಾಗೆಯೇ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡು ಹೊರಗಿನ ಸದ್ದು, ಆಟೋ, ಜನ ಎಲ್ಲ ತೋರಿಸಬೇಕು. ಲಸಿಕೆ ಪೂರ್ತಿ ಮುಗಿಯುವವರೆಗೆ ಹೊರ ಜಗತ್ತನ್ನೇ ತೋರಿಸದೆ ಇಡಬಾರದೆಂದು ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ 2008ರಲ್ಲೇ ಹೇಳಿದೆ.

ನಮ್ಮ ಮನೆಗಳ ಸಾಮಾನ್ಯ ಉಪಾಯ ದಿನಪತ್ರಿಕೆ. ಅಗ್ಗ, ಎಲ್ಲರ ಮನೆಯಲ್ಲೂ ಇದೆ. ಆದರೆ ಕಾಗದದ ಮೇಲೆ ಮಾಡಲು ಕಲಿತ ಮರಿಗೆ ನಿನ್ನೆಯ ಪತ್ರಿಕೆ, ಇವತ್ತಿನ ಪತ್ರಿಕೆ ಎಂಬ ಭೇದ ತಿಳಿಯದು. ಬೆಳಿಗ್ಗೆ ಕಾಫಿ ಹಿಡಿದು ನೆಲದಲ್ಲಿ ಪತ್ರಿಕೆ ಹರಡಿ ಓದುವ ಹಿರಿಯರಿರುವ ಮನೆಯಲ್ಲಿ ಇದರಿಂದ ಆದ ರಾಜಕೀಯ ಬಿಕ್ಕಟ್ಟುಗಳು ಕಡಿಮೆಯಲ್ಲ. ಅಂಗಡಿಯಲ್ಲಿ ಸಿಗುವ ಪ್ಯಾಡು ಬಟ್ಟೆಯಂತೆ ಮೆತ್ತಗಿರುವುದರಿಂದ ಅದನ್ನು ಕಲಿತ ನಾಯಿ ಕಾಲೊರಸು, ಬಚ್ಚಲ ಮ್ಯಾಟು, ಅತ್ತೆಯ ಚಾಪೆ ಎಲ್ಲವನ್ನೂ ಪ್ಯಾಡು ಎಂದೇ ಭಾವಿಸುವುದುಂಟು. ವಯಸ್ಸಾದವರು, ಮೂರನೇ ಮಹಡಿಯಲ್ಲಿ ಲಿಫ್ಟ್ ಇಲ್ಲದೆ ಇರುವವರು ಪ್ಯಾಡನ್ನೇ ಕಾಯಂ ಮಾಡಿಕೊಂಡರೆ ತಪ್ಪೇನಿಲ್ಲ. ಚಿಕ್ಕ ನಾಯಿಯ ಒಂದು ಅನುಕೂಲ ಅದು. ಆದರೆ ಮೊದಲು ಪ್ಯಾಡು, ಆಮೇಲೆ ಪಾರ್ಕು ಎಂದು ಹೊರಟರೆ ಎರಡು ಸಲ ಕಲಿಸಬೇಕು.

ಫ್ಲ್ಯಾಟಿನಲ್ಲಿ ಅತ್ಯಂತ ಸೂಕ್ತ ಜಾಗ ಯುಟಿಲಿಟಿ: ನಲ್ಲಿಯಿದೆ, ನೀರು ಹೋಗುವ ಜಾಲರಿಯಿದೆ. ಆದರೆ ಪಾತ್ರೆ ತೊಳೆಯಲು ಬರುವವರು ಕೂತು ಕೆಲಸ ಮಾಡುವುದೂ ಅಲ್ಲೇ. ಅವರನ್ನು ಒಂದು ಮಾತು ಕೇಳದೆ ಅದನ್ನು ನಾಯಿಯ ಶೌಚಾಲಯ ಮಾಡಿ, ಮರುವಾರ ಅವರು ಬರುವುದು ನಿಂತಾಗ ಆಶ್ಚರ್ಯಪಡುವ ಮನೆಗಳಿವೆ. ಇಲಿಯಿಂದ ನಾಯಿಗೆ, ನಾಯಿಯ ಮೂತ್ರದಿಂದ ಮನುಷ್ಯರಿಗೆ ದಾಟಬಲ್ಲ ಲೆಪ್ಟೊಸ್ಪೈರೋಸಿಸ್ ಎಂಬ ಜ್ವರವಿದೆ; ಬರಿಗಾಲಲ್ಲಿ, ಬರಿಗೈಯಲ್ಲಿ ತೊಳೆಯುವವರು ಅವರೇ. ನಾಯಿಗೆ ಅದರ ಲಸಿಕೆ ಹಾಕಿಸುವುದು ಅವರಿಗೂ ಸೇರಿದ ರಕ್ಷಣೆ.

ಒರೆಸುವ ವಿಷಯದಲ್ಲಿ ನಮ್ಮ ನಂಬಿಕೆಯೆಲ್ಲ ಫಿನಾಯಿಲ್ ಮೇಲೆ. ಅದರ ಘಾಟಿಗೆ ನಮ್ಮ ಮೂಗು ಸೋಲುತ್ತದೆ, ನಾಯಿಯದು ಸೋಲುವುದಿಲ್ಲ. ಅಡಿಯಲ್ಲಿ ಉಳಿದ ಮೂತ್ರದ ವಾಸನೆ ಹಿಡಿದು ಮತ್ತೆ ಅಲ್ಲೇ ಬರುತ್ತದೆ. ಹಳೆಯ ಮನೆಯ ರೆಡ್ ಆಕ್ಸೈಡ್ ನೆಲಕ್ಕಿಂತ ಹೊಸ ಫ್ಲ್ಯಾಟಿನ ಟೈಲ್ಸ್ ಸಂದುಗಳು ಈ ವಿಷಯದಲ್ಲಿ ಹೆಚ್ಚು ತೊಂದರೆ, ಸಂದಿನ ಸಿಮೆಂಟು ಮೂತ್ರ ಹೀರಿಕೊಳ್ಳುತ್ತದೆ. ಮೊದಲು ಒಣಬಟ್ಟೆಯಲ್ಲಿ ಹೀರಿಸಿ, ಸೋಪಿನ ನೀರಲ್ಲಿ ತೊಳೆದು, ಎನ್‌ಜೈಮ್ ಇರುವ ದ್ರಾವಣ ಹಾಕಿ ಹತ್ತು ನಿಮಿಷ ಬಿಡಬೇಕು. ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ, ಮೂತ್ರದ ವಾಸನೆಯ ಒಂದು ಪಾಲು ಅಮೋನಿಯಾವೇ. ಮನೆಯಲ್ಲಿ ಬೆಕ್ಕೂ ಇದ್ದರೆ ಕಪ್ಪು ಫಿನಾಯಿಲ್ ಬಾಟಲಿಯನ್ನು ಹೊರಗೆ ಹಾಕುವುದು ಲೇಸು: ಫೀನಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ, ಅದು ನಡೆದ ನೆಲದ ಔಷಧಿ ಪಾದ ನೆಕ್ಕಿದಾಗ ಹೊಟ್ಟೆ ಸೇರುತ್ತದೆ.

ಮೂತಿ ಹಿಡಿದು ಉಚ್ಚೆಯಲ್ಲಿ ಉಜ್ಜುವ ಶಿಕ್ಷೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ‘ಗದರಿದ್ರೆ ಹೆಂಗೆ ತಲೆ ತಗ್ಗಿಸತ್ತೆ ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎನ್ನುವವರಿಗೆ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಉತ್ತರ. ತಪ್ಪು ಮಾಡಿದ ನಾಯಿ, ಮಾಡದ ನಾಯಿ ಎರಡನ್ನೂ ಯಜಮಾನರು ಗದರಿದಾಗ ಆ ‘ತಪ್ಪಿತಸ್ಥ ಮುಖ’ ಎರಡರಲ್ಲೂ ಬಂತು. ಅದು ಗದರಿಕೆಗೆ ಪ್ರತಿಕ್ರಿಯೆಯಾಗಿತ್ತು. ಹೊಡೆಸಿಕೊಂಡ ನಾಯಿ ಕಲಿಯುವುದು ನಿಮ್ಮೆದುರು ಮಾಡಬಾರದು ಎಂಬುದನ್ನು. ಆಮೇಲೆ ಅದು ಸೋಫಾದ ಹಿಂದೆ ಮಾಡುತ್ತದೆ, ವಾಕಿಂಗಿಗೆ ಹೋದಾಗ ನೀವು ಚೈನ್ ಹಿಡಿದು ಪಕ್ಕದಲ್ಲೇ ನಿಂತಿರುವುದರಿಂದ ಅಲ್ಲಿ ಮಾಡುವುದೇ ಇಲ್ಲ.

ಚಿಕ್ಕ ನಾಯಿಗಳಲ್ಲಿ ಈ ಪಾಠ ಅರ್ಧಕ್ಕೇ ನಿಲ್ಲುವುದಕ್ಕೆ ಇನ್ನೊಂದು ಕಾರಣ ನಾವೇ. ಲ್ಯಾಬ್ರಡಾರ್ ಹಾಲ್‌ನಲ್ಲಿ ಉಚ್ಚೆ ಮಾಡಿದರೆ ಮನೆಯೆಲ್ಲ ಎದ್ದು ನಿಲ್ಲುತ್ತದೆ. ಶಿಟ್ಜು ಮಾಡಿದ್ದು ಎರಡು ಚಮಚ. ಟಿಶ್ಯೂ ಕಾಗದ ಸಾಕು, ‘ಪಾಪ, ಪುಟ್ಟದು’. ಹಾಗೆ ವರ್ಷ ಕಳೆಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆಮಳೆ ಶುರುವಾದರೆ ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ ನಾಯಿ ಹೊರಗೆ ಕಾಲಿಡಲು ಒಪ್ಪುವುದಿಲ್ಲ, ಕಲಿತದ್ದೂ ಮರೆಯುತ್ತದೆ. ಪಾರ್ಕಿಂಗಿನ ಒಂದು ಮೂಲೆಯನ್ನು ಮಳೆಗಾಲಕ್ಕೆಂದು ಮೊದಲೇ ರೂಢಿ ಮಾಡಿಸಿ, ನೀರು ಸುರಿದು ಬರುವುದು ಕೆಲವರ ಉಪಾಯ. ಇನ್ನೊಂದು ಮಾತು: ಚೆನ್ನಾಗಿ ಕಲಿತ, ಬೆಳೆದ ನಾಯಿ ಹಠಾತ್ತನೆ ಮನೆಯೊಳಗೆ ಮಾಡತೊಡಗಿದರೆ ಅದು ತರಬೇತಿಯ ಪ್ರಶ್ನೆಯಲ್ಲ. ಮೂತ್ರದ ಸೋಂಕು, ಕಲ್ಲು, ಸಕ್ಕರೆ ಕಾಯಿಲೆ, ಕಿಡ್ನಿ, ವಯಸ್ಸಾದ ನಾಯಿಯಲ್ಲಿ ಮರೆವು, ಇವುಗಳಲ್ಲಿ ಯಾವುದೋ ಒಂದಿರಬಹುದು.

ಮನೆಯಾಚೆಯ ಜಗಳಗಳೂ ಇವೆ. ಎದುರು ಮನೆಯವರು ಬೆಳಿಗ್ಗೆ ಆರಕ್ಕೆ ಸಾರಿಸಿ ಇಟ್ಟ ರಂಗೋಲಿಯ ಮೇಲೆ ಆರೂಕಾಲಿಗೆ ನಿಮ್ಮ ಪಗ್ ಕಾಲೆತ್ತಿದರೆ ಅದಕ್ಕೆ ಯಾವ ಕಾಯ್ದೆಯೂ ಪರಿಹಾರ ಹೇಳುವುದಿಲ್ಲ. ನಿಯಮಗಳು ಹೇಳುವುದು ಬೇರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬಹುಮತವಿದ್ದರೂ ಅಸೋಸಿಯೇಷನ್ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬಾರದೆನ್ನುವಂತಿಲ್ಲ. ಸಾಕಿದವರು ಸಾಮಾನ್ಯ ಜಾಗಗಳಲ್ಲಿ ಚೈನ್ ಹಿಡಿಯಬೇಕು, ಗಲೀಜನ್ನು ತೆಗೆಯಬೇಕು ಎಂದೂ ಅದು ಸಲಹೆ ಕೊಡುತ್ತದೆ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂಬ ನಿಯಮ ತರಲು ಹೋಗಿ, ಗದ್ದಲವಾಗಿ ತಡೆಹಿಡಿಯಿತು. ಎರಡು ಪಕ್ಷದವರೂ ತಮಗೆ ಬೇಕಾದ ಸಾಲನ್ನಷ್ಟೇ ಮುದ್ರಿಸಿ ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಕಸದ ವಿಷಯದಲ್ಲಾದರೂ ಗೊಂದಲ ಬೇಡ: ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಕಡ್ಡಾಯ ಮಾಡಿದ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯಲ್ಲಿ ಬಳಸಿದ ಪ್ಯಾಡು ಮಗುವಿನ ಡಯಾಪರಿನಂತೆ ಕಾಗದದಲ್ಲಿ ಸುತ್ತಿ ಕೆಂಪು ಡಬ್ಬಿಗೆ. ಹಸಿಕಸದ ಹಸಿರು ಡಬ್ಬಿಗೆ ಹಾಕಿದರೆ ಅದನ್ನು ಕೈಯಲ್ಲಿ ಬೇರ್ಪಡಿಸುವವರು ಪೌರಕಾರ್ಮಿಕರು.

ಇನ್ನು ಅಡುಗೆಮನೆ. ಇಲ್ಲಿ ಅಳತೆಯೇ ಎಲ್ಲ.

ಈರುಳ್ಳಿಯಿಂದ ಶುರುಮಾಡೋಣ. ಅದರಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ತಿಂದ ನಾಯಿಗಳ ರಕ್ತದಲ್ಲಿ ಹಾನಿ ಕಂಡಿದೆ. 30 ಕೆಜಿಯ ನಾಯಿಗೆ ಇದು ಅರ್ಧ ಕೆಜಿ ಈರುಳ್ಳಿ. ಐದು ಕೆಜಿಯ ಶಿಟ್ಜುಗೆ 75 ಗ್ರಾಂ, ಅಂದರೆ ನಡುಗಾತ್ರದ ಒಂದೇ ಗಡ್ಡೆ. ಬೆಕ್ಕಿಗೆ ಕೆಜಿಗೆ ಐದು ಗ್ರಾಮೇ ಸಾಕು. ಬೇಯಿಸಿದರೂ ಹುರಿದರೂ ವಿಷ ಹೋಗದು. ಒಣಗಿಸಿ ಪುಡಿ ಮಾಡಿದರೆ ಇನ್ನೂ ಗಾಢ. ಬೆಳ್ಳುಳ್ಳಿ ಅದಕ್ಕಿಂತ ಹಲವು ಪಟ್ಟು ತೀಕ್ಷ್ಣ. ಇವುಗಳ ಮೋಸ ಇರುವುದು ಲಕ್ಷಣ ತಡವಾಗಿ ಕಾಣುವುದರಲ್ಲಿ: ಭಾನುವಾರ ಸಾಗು, ಖಾರಾಬಾತ್ ತಿಂದ ನಾಯಿ ಬುಧವಾರ ಸುಸ್ತಾಗಿ, ಒಸಡು ಬಿಳಿಚಿಕೊಂಡು, ಕಾಫಿ ಬಣ್ಣದ ಮೂತ್ರ ಮಾಡುತ್ತದೆ. ಅಷ್ಟರಲ್ಲಿ ಭಾನುವಾರದ ತಿಂಡಿ ಯಾರಿಗೂ ನೆನಪಿರುವುದಿಲ್ಲ. ಬೇಕರಿಯ ಖಾರಾ ಬನ್ ಬೀದಿನಾಯಿಗೆ ಹಾಕುವವರು, ಒಳಗೆ ಈರುಳ್ಳಿ ಇದೆಯೇ ಎಂದು ಬಿಡಿಸಿ ನೋಡಬೇಕು.

ಈರುಳ್ಳಿ ಬೆಳ್ಳುಳ್ಳಿ ಒಳಗೇ ಸೇರದ ಮನೆಗಳು ಜಯನಗರ, ಬನಶಂಕರಿಯಲ್ಲಿ ಬೇಕಾದಷ್ಟಿವೆ. ಅಲ್ಲಿನ ನಾಯಿ ಕ್ಷೇಮ ಎನ್ನೋಣವೆಂದರೆ ದ್ರಾಕ್ಷಿ ಅಡ್ಡ ಬರುತ್ತದೆ. ಕೇಸರಿಬಾತ್, ಶಾವಿಗೆ ಪಾಯಸ, ಹಯಗ್ರೀವ, ದೀಪಾವಳಿಗೆ ಬರುವ ಒಣಹಣ್ಣಿನ ಪೆಟ್ಟಿಗೆ, ಡಿಸೆಂಬರಿನ ಪ್ಲಮ್ ಕೇಕು, ಎಲ್ಲದರಲ್ಲೂ ಒಣದ್ರಾಕ್ಷಿ ಇದೆ. ದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಕೈಕೊಡುತ್ತದೆ ಎಂಬುದು ಅಮೆರಿಕದ ಪ್ರಾಣಿ ವಿಷ ಸಹಾಯವಾಣಿಯವರ ಗಮನಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕೆಜಿಗೆ ಸುಮಾರು ಮೂರು ಗ್ರಾಂ ಒಣದ್ರಾಕ್ಷಿಯಿಂದಲೂ ತೊಂದರೆಯಾದ ವರದಿಗಳಿವೆ. ನಾಲ್ಕೈದು ಕೆಜಿ ನಾಯಿಗೆ ಇದು ಒಂದು ಸಣ್ಣ ಹಿಡಿ. ಆದರೆ ಒಂದು ನಾಯಿ ಗೊಂಚಲು ತಿಂದೂ ಆರಾಮಾಗಿರುತ್ತಿತ್ತು, ಇನ್ನೊಂದು ನಾಲ್ಕು ತಿಂದು ಸಾಯುತ್ತಿತ್ತು. ಯಾಕೆಂಬುದು ಬಹುಕಾಲ ಯಾರಿಗೂ ಬಗೆಹರಿಯಲಿಲ್ಲ.

ಬಗೆಹರಿದ ಬಗೆ ನಮಗೆ ಕಿವಿ ನಿಮಿರಿಸುವಂಥದ್ದು. ಮಕ್ಕಳು ಆಡುವ ಹಿಟ್ಟಿನ ಮುದ್ದೆಯನ್ನು ಮನೆಯಲ್ಲೇ ತಯಾರಿಸುವಾಗ ಕ್ರೀಮ್ ಆಫ್ ಟಾರ್ಟರ್ ಎಂಬ ಪುಡಿ ಹಾಕುತ್ತಾರೆ. ಅದನ್ನು ತಿಂದ ನಾಯಿಯಲ್ಲಿ ದ್ರಾಕ್ಷಿಯದೇ ಲಕ್ಷಣಗಳು ಕಂಡವು. 2021ರಲ್ಲಿ ಆ ಸಹಾಯವಾಣಿಯ ಪಶುವೈದ್ಯರು ಟಾರ್ಟಾರಿಕ್ ಆಮ್ಲವೇ ಕಾರಣವಿರಬಹುದೆಂದು ಸೂಚಿಸಿದರು. 2022ರ ಅವರ ವರದಿಯಲ್ಲಿ ಕ್ರೀಮ್ ಆಫ್ ಟಾರ್ಟರ್ ತಿಂದ ನಾಯಿಗಳ ಜೊತೆ ಹುಣಸೆಹಣ್ಣು ತಿಂದ ನಾಯಿಗಳೂ ಇದ್ದವು. ದ್ರಾಕ್ಷಿಯಲ್ಲಿ ಈ ಆಮ್ಲ ತಳಿ, ಹಣ್ಣಿನ ಪಕ್ವತೆ ನೋಡಿಕೊಂಡು ಏರಿಳಿಯುತ್ತದೆ. ಒಂದೊಂದು ನಾಯಿಗೆ ಒಂದೊಂದು ಗತಿಯಾದದ್ದು ಅದಕ್ಕೇ ಇರಬಹುದು. ದ್ರಾಕ್ಷಿಯಲ್ಲಿ ಅದು ಹೆಚ್ಚೆಂದರೆ ಶೇ 2ರ ಆಸುಪಾಸು. ಹುಣಸೆಯ ತಿರುಳಿನಲ್ಲಿ ಅದು ಶೇ 8ರಿಂದ 18.

ಹುಣಸೆ ಇಲ್ಲದ ಕನ್ನಡ ಅಡುಗೆ ಯಾವುದಿದೆ? ಸಾರು, ಹುಳಿ, ಗೊಜ್ಜು, ಪುಳಿಯೋಗರೆ. ಹಾಗೆಂದು ಗಾಬರಿಬೀಳಬೇಕಿಲ್ಲ. ನಾಲ್ಕು ಜನರ ಸಾರಿಗೆ ನಿಂಬೆ ಗಾತ್ರದ ಹುಣಸೆ ಎಂಬ ಲೆಕ್ಕದಲ್ಲಿ ನಾಯಿಯ ಪಾಲಿಗೆ ಬರುವ ಒಂದು ಸೌಟಿನಲ್ಲಿ ಅದು ಅಲ್ಪವೇ. ವರದಿಯಾದವು ಸಾರನ್ನದ ಪ್ರಕರಣಗಳಲ್ಲ. ಆದರೆ ಪುಳಿಯೋಗರೆ ಗೊಜ್ಜಿನ ಜಾಡಿ, ಬಿಸಿಲಿಗೆ ಹರಡಿದ ಹುಣಸೆ, ಹಿಂಡಿ ಎಸೆದ ಹುಣಸೆ ಚಿಪ್ಪು ನಾಯಿಗೆ ಎಟುಕುವಲ್ಲಿ ಇರಬಾರದು. ‘ನಮ್ಮಜ್ಜಿ ಮನೆ ನಾಯಿ ಹನ್ನೆರಡು ವರ್ಷ ಸಾರನ್ನ ತಿಂದೇ ಬದುಕಿತ್ತು’ ಎಂಬ ಮಾತು ಬಂದೇ ಬರುತ್ತದೆ. ಅದು ಇಪ್ಪತ್ತು ಕೆಜಿಯ ನಾಯಿ. ಎಂಟಕ್ಕೇ ಸತ್ತ ನಾಯಿಗಳ ರಕ್ತವನ್ನು ಆಗ ಯಾರೂ ಪರೀಕ್ಷೆ ಮಾಡಿಸುತ್ತಿರಲಿಲ್ಲ, ‘ವಯಸ್ಸಾಗಿತ್ತು’ ಎಂದು ತೆಂಗಿನ ಬುಡದಲ್ಲಿ ಹೂಳುತ್ತಿದ್ದರು. ಸಾರಿನ ಉಪ್ಪು, ಒಗ್ಗರಣೆಯ ಎಣ್ಣೆ, ಖಾರ ಇವೂ ಚಿಕ್ಕ ಹೊಟ್ಟೆಗೆ ಒಳ್ಳೆಯವಲ್ಲ. ಜಿಡ್ಡು ಹೆಚ್ಚಾದರೆ ಚಿಕ್ಕ ತಳಿಗಳಲ್ಲಿ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಸಾರು ಕಲಸುವ ಮೊದಲೇ ಅದರ ಪಾಲಿನ ಅನ್ನ, ಬೇಳೆಯನ್ನು ಸಪ್ಪೆಯಾಗಿ ಎತ್ತಿಡುವುದಕ್ಕೆ ಎಷ್ಟು ಶ್ರಮ?

ಚಾಕೊಲೇಟ್ ಅಪಾಯ ಎಂಬುದು ಈಗ ಮಕ್ಕಳಿಗೂ ಗೊತ್ತು, ಪ್ರಮಾಣ ದೊಡ್ಡವರಿಗೂ ಗೊತ್ತಿಲ್ಲ. ಅದರ ಥಿಯೋಬ್ರೋಮಿನ್ ನಾಯಿಯ ಮೈಯಲ್ಲಿ ಅರ್ಧಕ್ಕಿಳಿಯಲು ಹದಿನೇಳು ಗಂಟೆ ಬೇಕು. ಕೆಜಿಗೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ. 60 ದಾಟಿದರೆ ಸೆಳವು. ಐದು ಕೆಜಿ ನಾಯಿಗೆ 50 ಗ್ರಾಂ ಹಾಲಿನ ಚಾಕೊಲೇಟ್, 20 ಗ್ರಾಂ ಡಾರ್ಕ್ ಚಾಕೊಲೇಟ್, ಐದಾರು ಗ್ರಾಂ ಕೋಕೋ ಪುಡಿ ಮೊದಲ ಗೆರೆ ಮುಟ್ಟಿಸುತ್ತವೆ. ನಮ್ಮಲ್ಲಿ ಅದಕ್ಕಿಂತ ಹತ್ತಿರದ ಅಪಾಯ ಕಾಫಿ. ಕೆಫೀನಿನ ಕೆಲಸವೂ ಅದೇ ಬಗೆಯದು. ಫಿಲ್ಟರಿನ ಚರಟದಲ್ಲಿ ಇನ್ನೂ ಕೆಫೀನ್ ಉಳಿದಿರುತ್ತದೆ, ಅದನ್ನು ತಾರಸಿಯ ಗುಲಾಬಿ ಕುಂಡಕ್ಕೆ ಸುರಿಯುವುದು ಇಲ್ಲಿನ ಮನೆಗಳ ರೂಢಿ, ಕುಂಡ ಕೆದಕುವುದು ನಾಯಿಯ ರೂಢಿ. ಮನೆಯಲ್ಲೇ ಗೊಬ್ಬರ ಮಾಡುವ ಕೊಡವನ್ನೂ ಭದ್ರವಾಗಿ ಮುಚ್ಚಬೇಕು. ಬೂಸು ಹಿಡಿದ ಆಹಾರದ ಕೆಲವು ವಿಷಗಳಿಂದ ನಾಯಿಗೆ ಮೈಯೆಲ್ಲ ನಡುಕ ಬರುತ್ತದೆ.

ಸಕ್ಕರೆ ಕಾಯಿಲೆ ಇರುವ ಮನೆಗಳು ನೋಡಬೇಕಾದ ಹೆಸರು ಕ್ಸೈಲಿಟಾಲ್. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್, ಕೆಲವು ಪೀನಟ್ ಬಟರ್‌ಗಳಲ್ಲಿ ಇರುತ್ತದೆ. ಪೊಟ್ಟಣದ ಮೇಲೆ ಐಎನ್‌ಎಸ್ 967 ಎಂದು ಅಂಕಿಯಲ್ಲಿ ಅಡಗಿರಬಹುದು. ನಮಗೆ ನಿರಪಾಯಕಾರಿ, ನಾಯಿಯಲ್ಲಿ ಅದು ಇನ್ಸುಲಿನ್ ಅನ್ನು ಉಕ್ಕಿಸಿ ಅರ್ಧ ಗಂಟೆಯಲ್ಲೇ ಸಕ್ಕರೆ ಕುಸಿಯುವಂತೆ ಮಾಡಬಲ್ಲದು. ಕೆಜಿಗೆ 0.1 ಗ್ರಾಂ ಸಾಕು, 0.5 ಗ್ರಾಮಿಗೆ ಯಕೃತ್ತೇ ಹೋಗಬಹುದು. ಇಷ್ಟು ಸಣ್ಣ ಅಳತೆಯಲ್ಲಿ ಕೊಲ್ಲುವ ವಸ್ತುಗಳು ಅಡುಗೆಮನೆಯಲ್ಲಿ ಹೆಚ್ಚಿಲ್ಲ. ಹಾಲು ಕೆಲವಕ್ಕೆ ಭೇದಿ ತರುತ್ತದೆ, ಅಷ್ಟೇ. ಬಟರ್ ಫ್ರೂಟಿಗೆ ನಾಯಿಗಿಂತ ಹೆಚ್ಚು ಹೆದರಬೇಕಾದವು ಪಂಜರದ ಹಕ್ಕಿಗಳು. ನಾಯಿಗೆ ಅದರ ಬೀಜ ಕರುಳಿಗೆ ಸಿಕ್ಕಿಕೊಳ್ಳುವ ಭಯ. ಮೇ ತಿಂಗಳ ಮಾವಿನ ಓಟೆ, ಮುಸುಕಿನ ಜೋಳದ ದಿಂಡು ಚಿಕ್ಕ ನಾಯಿಯ ಕರುಳನ್ನು ಕಟ್ಟಿ ಶಸ್ತ್ರಚಿಕಿತ್ಸೆಗೆ ಕಳಿಸುತ್ತವೆ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳುತ್ತದೆ. ಆಹಾರವಲ್ಲದಿದ್ದರೂ ಹೇಳಲೇಬೇಕಾದ್ದು ಮಾತ್ರೆ: ಜ್ವರಕ್ಕೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಕೊಲ್ಲಬಹುದು, ಫಿನಾಯಿಲಿನಲ್ಲಿ ಹೇಳಿದ ಆ ಯಕೃತ್ತಿನ ಕೊರತೆಯೇ ಇಲ್ಲೂ ಕಾರಣ. ನಾಯಿಗೆ ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ಬಾಲ್ಕನಿಯ ಅಲಂಕಾರಕ್ಕೆ ತಂದ ಸೈಕಾಸ್ ಗಿಡದ ಬೀಜವಂತೂ ಯಕೃತ್ತಿಗೆ ಮಾರಕ.

ಹಾಗಾದರೆ ಏನು ಹಾಕುವುದು? ಶಾಕಾಹಾರಿ ಮನೆಗಳ ಪ್ರಶ್ನೆ ಇದು, ನಕ್ಕು ತಳ್ಳಿಹಾಕುವಂಥದ್ದಲ್ಲ. ನಾಯಿ ತೋಳದಂತೆ ಬರೀ ಮಾಂಸದ ಪ್ರಾಣಿಯಾಗಿ ಉಳಿದಿಲ್ಲ: ‘ನೇಚರ್’ ಪತ್ರಿಕೆಯಲ್ಲಿ 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಪಿಷ್ಟ ಜೀರ್ಣಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡಿದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತು. ಮನುಷ್ಯರ ಜೊತೆ ಧಾನ್ಯ ತಿಂದು ಪಡೆದ ಶಕ್ತಿ. ಆದ್ದರಿಂದ ಅನ್ನ, ರಾಗಿ ಅದಕ್ಕೆ ಜೀರ್ಣವಾಗುತ್ತದೆ. ಮೊಸರನ್ನ ವಿಷವಲ್ಲ, ಒಗ್ಗರಣೆ ಹಾಕದಿದ್ದರೆ. ಆದರೆ ಮೂರು ಹೊತ್ತು ಮೊಸರನ್ನವೇ ಆದರೆ ಪ್ರೋಟೀನು, ಸತು, ಕೆಲವು ಕೊಬ್ಬಿನಾಮ್ಲಗಳು ಕಡಿಮೆ ಬೀಳುತ್ತವೆ; ಮೊಟ್ಟೆಯಾದರೂ ಒಪ್ಪುವ ಮನೆಗೆ ದಾರಿ ಸುಲಭ, ಒಪ್ಪದ ಮನೆ ವೈದ್ಯರ ಸಲಹೆಯಿಂದ ಸಮತೋಲನ ಮಾಡಿದ ಕಾಳಿನ ಆಹಾರ ಕೊಡಬಹುದು. ಬೆಕ್ಕಿಗೆ ಈ ರಿಯಾಯಿತಿ ಇಲ್ಲ. ಮಾಂಸದಲ್ಲಿರುವ ಟಾರಿನ್ ಸಿಗದೆ ಅದರ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮಾಂಸ ಒಳಗೆ ಬರಬಾರದೆನ್ನುವವರು ಬೆಕ್ಕು ಸಾಕದಿರುವುದೇ ಸರಿ. 2025ರಲ್ಲಿ ಬಿಬಿಎಂಪಿ ಐದು ಸಾವಿರ ಬೀದಿನಾಯಿಗಳಿಗೆ ದಿನಕ್ಕೊಂದು ಊಟ ಕೊಡುವ 2.88 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದಾಗ ಊರೆಲ್ಲ ನಗೆಯಾಡಿತು. ನಾನು ಆ ಪಟ್ಟಿಯನ್ನು ಬೇರೆ ಕಾರಣಕ್ಕೆ ಓದಿದೆ: 367 ಗ್ರಾಂ ಊಟದಲ್ಲಿ 150 ಗ್ರಾಂ ಕೋಳಿ, ತಲಾ 100 ಗ್ರಾಂ ಅನ್ನ ಮತ್ತು ತರಕಾರಿ, 10 ಗ್ರಾಂ ಎಣ್ಣೆ, ಉಪ್ಪು, ಅರಿಸಿನ. ಹುಳಿ, ಒಗ್ಗರಣೆ ಇಲ್ಲದ ಆ ಊಟ, ಉಪ್ಪೊಂದನ್ನು ಇಳಿಸಿದರೆ, ಜೆ.ಪಿ. ನಗರದ ಎಷ್ಟೋ ಶಿಟ್ಜುಗಳ ತಟ್ಟೆಗಿಂತ ಮೇಲು.

ಎಲ್ಲ ಎಚ್ಚರದ ನಡುವೆಯೂ ತಿಂದುಬಿಟ್ಟರೆ? ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಬೇಡ, ಚಿಕ್ಕ ನಾಯಿಗೆ ಆ ಉಪ್ಪೇ ವಿಷವಾಗುತ್ತದೆ. ಲಕ್ಷಣ ಕಾಣಿಸಲಿ ಎಂದು ಕಾಯುವುದೂ ಬೇಡ. ದ್ರಾಕ್ಷಿ ತಿಂದ ನಾಯಿ ಮೊದಲ ದಿನ ವಾಂತಿ ಮಾಡಿ ಸುಧಾರಿಸಿದಂತೆ ಕಂಡು, ಎರಡು ಮೂರನೇ ದಿನ ಮೂತ್ರ ನಿಲ್ಲಿಸಬಹುದು. ವೈದ್ಯರು ಸುರಕ್ಷಿತವಾಗಿ ವಾಂತಿ ಮಾಡಿಸಿ ಫಲ ಕಾಣುವುದು ಹೆಚ್ಚಾಗಿ ಮೊದಲ ಎರಡು ಗಂಟೆಯೊಳಗೆ. 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು, ಅದರ ಆಸ್ಪತ್ರೆ ಇರುವುದು ಹೆಬ್ಬಾಳದಲ್ಲಿ, ಜಯನಗರದಿಂದ ಸುಮಾರು ಹದಿನೈದು ಕಿಲೋಮೀಟರ್ ದೂರ. ಸಂಜೆ ಆರಕ್ಕೆ ಹೊರಟರೆ ಆ ಎರಡು ಗಂಟೆಯ ದೊಡ್ಡ ಪಾಲು ರಸ್ತೆಯಲ್ಲೇ ಮುಗಿಯುತ್ತದೆ. ಹಾಗಾಗಿ ಮನೆಗೆ ಹತ್ತಿರದ, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಮರಿ ತಂದ ವಾರವೇ ವಿಚಾರಿಸಿ, ಫೋನ್ ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಡಬೇಕು. ಫೋನೆತ್ತಿದವರು ಕೇಳುವುದು ಮೂರೇ: ಏನು ತಿಂತು, ಎಷ್ಟು ಹೊತ್ತಾಯ್ತು, ನಾಯಿಯ ತೂಕ ಎಷ್ಟು. ಮೊದಲೆರಡಕ್ಕೆ ಹೇಗೋ ಉತ್ತರ ಸಿಗುತ್ತದೆ. ತೂಕಕ್ಕೆ ಬಚ್ಚಲಮನೆಯ ತಕ್ಕಡಿ ಸಾಕು: ನಾಯಿಯನ್ನು ಎತ್ತಿಕೊಂಡು ಒಮ್ಮೆ, ಕೆಳಗಿಳಿಸಿ ಒಮ್ಮೆ ನಿಂತು ಕಳೆಯಬೇಕು. ತಿಂಗಳಿಗೊಂದು ಸಲ ಹಾಗೆ ತೂಗಿ ಬರೆದಿಡಬೇಕು; ಅದೇ ಫ್ರಿಜ್ ಬಾಗಿಲಲ್ಲಿ ಅದಕ್ಕೂ ಜಾಗವಿದೆ.